ಬಿಯರ್‌ಗೆ ತೊಡಿಸಿದ ಸ್ವೆಟರ್

ಕಳೆದ ಭಾನುವಾರ ನನ್ನ ಏಳು ವರ್ಷದ ಮಗಳು ವಿಡಿಯೋ ಕಾಲ್‌ನಲ್ಲಿ ನನ್ನ ಮಾನ ಕಳೆದಳು. 'ಅಜ್ಜಿ, ನೀನು ಹೆಣೆದು ಕಳಿಸಿದ್ಯಲ್ಲ ನೀಲಿ ಸ್ವೆಟರ್, ಅದನ್ನ ಅಪ್ಪ ಬಿಯರ್‌ಗೆ ಹಾಕಿದಾರೆ!'

ತೀರ್ಥಹಳ್ಳಿ ಕಡೆಯಿಂದ ಸದ್ದೇ ಇಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಹೋಗಿರಲಿಲ್ಲ. ಅಮ್ಮನ ಹಿಂದೆ ಗೋಡೆ ಗಡಿಯಾರದ ಲೋಲಕ ಆಡುತ್ತಲೇ ಇತ್ತು.

ಮಗಳು ಹೇಳಿದ್ದು ನಿಜ. ಮ್ಯೂನಿಕ್ ಹೊರವಲಯದ ನಮ್ಮ ಕಟ್ಟಡದಲ್ಲಿ ಪ್ರತಿ ಮನೆಗೂ ನೆಲಮಾಳಿಗೆಯಲ್ಲಿ ಒಂದು ಪುಟ್ಟ ಕೋಣೆ. ಅಲ್ಲಿ ಹಳೇ ಸೂಟ್‌ಕೇಸ್, ಸೈಕಲ್‌ಗಳ ನಡುವೆ ನಾನೇ ಮಾಡಿ ಹುದುಗಲು ಇಟ್ಟ 20 ಲೀಟರ್ ಗೋಧಿ ಬಿಯರಿನ ಬಕೆಟ್ ಕೂತಿತ್ತು. ಈ ಚಳಿಯಲ್ಲಿ ಆ ಕೋಣೆ 13 ಡಿಗ್ರಿ. ಅದನ್ನು ಹುದುಗಿಸುವ ಯೀಸ್ಟ್‌ಗೆ ಬೇಕಾದದ್ದು 18ರಿಂದ 20. ತಣ್ಣಗಾದರೆ ಅದು ಕೆಲಸ ಬಿಟ್ಟು ತಳ ಸೇರಿ ಮಲಗಿಬಿಡುತ್ತದೆ. ಅದಕ್ಕೇ ಮೊದಲು ಒಂದು ದಪ್ಪ ಟವೆಲ್ ಸುತ್ತಿ, ಮೇಲೆ ಸ್ವೆಟರ್ ತೊಡಿಸಿ, ತೋಳುಗಳನ್ನು ಹಿಂದಕ್ಕೆ ಗಂಟು ಹಾಕಿದ್ದೆ. ಕುತ್ತಿಗೆಯ ತೂತಿನಿಂದ ಏರ್‌ಲಾಕ್, ಅಂದರೆ ಒಳಗಿನ ಗಾಳಿ ಹೊರಬಿಡುವ ಪುಟ್ಟ ಕೊಳವೆ, ತಲೆ ಹೊರಹಾಕಿ 'ಗುಳುಕ್, ಗುಳುಕ್' ಅನ್ನುತ್ತಿತ್ತು. ನೋಡಿದರೆ ಡೊಳ್ಳುಹೊಟ್ಟೆಯ ಯಾರೋ ಕತ್ತಲಲ್ಲಿ ಕೂತು ಬಿಕ್ಕಳಿಸುವ ಹಾಗೆ.

'ಕುಡೀತೀಯೇನೋ?' ಅಂತ ಅಮ್ಮ ಕೇಳುತ್ತಾಳೆ ಅಂದುಕೊಂಡಿದ್ದೆ. ಅದಕ್ಕೆ ಉತ್ತರ ಎಷ್ಟೋ ವರ್ಷದಿಂದ ರೆಡಿ ಇತ್ತು. ಅವಳು ಕೇಳಿದ್ದು, 'ಅದು ನಿಂಗೆ ಬಿಗಿ ಆಗ್ತಿತ್ತಾ?'

ನಾನು ಅದನ್ನು ಒಂದು ಸಲವೂ ಹಾಕಿ ನೋಡಿರಲಿಲ್ಲ.

ಸೋಮವಾರ ಸಂಜೆ ಕೆಳಗಿಳಿದಾಗ ಮೇಲಿನ ಮನೆಯ ಅಜ್ಜ ಬಾಗಿಲಲ್ಲೇ ನಿಂತು ಮೂಗು ಅರಳಿಸುತ್ತಿದ್ದರು. ಇಡೀ ಓಣಿಯಲ್ಲಿ ಕಳಿತ ಬಾಳೆಹಣ್ಣಿನ ವಾಸನೆ, ನಮ್ಮೂರ ಏಲಕ್ಕಿ ಬಾಳೆ ಗೊನೆ ಬಿಚ್ಚಿದ ಹಾಗೆ. ಅವರು ಬಿಯರ್ ಕಾರ್ಖಾನೆಯಲ್ಲೇ ದುಡಿದು ನಿವೃತ್ತರಾದವರು. ಬಕೆಟ್‌ಗೆ ಅಂಟಿಸಿದ್ದ ಥರ್ಮಾಮೀಟರ್ ಪಟ್ಟಿ ನೋಡಿದರು. 24. 'ಇದಕ್ಕೆ ಚಳಿ ಅಂತ ಯಾರು ಹೇಳಿದ್ದು? ಜ್ವರ ಬಂದಿದೆ' ಅಂದರು.

ನಾನು ಮರೆತದ್ದು ಅದನ್ನೇ. ಯೀಸ್ಟ್ ಸಕ್ಕರೆ ತಿನ್ನುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ಗೋಧಿ ಬಿಯರ್ ಬೆಚ್ಚಗಾದಷ್ಟೂ ಬಾಳೆಹಣ್ಣಿನ ಘಮ ಜಾಸ್ತಿ, ಲವಂಗದ ಘಮ ಹಿಂದೆ ಬೀಳುತ್ತದೆ. ಇನ್ನೂ ಕಾಯಿಸಿದರೆ ಬಿಯರಿಗೆ ಸ್ಪಿರಿಟ್ಟಿನಂಥ ಖಾರದ ರುಚಿ ಬಂದುಬಿಡುತ್ತದೆ.

ಅಜ್ಜ ತಾವೇ ಗಂಟು ಬಿಚ್ಚಿ, ಸ್ವೆಟರನ್ನು ಮಡಿಸಿ ನನ್ನ ಕೈಗಿಟ್ಟರು. ಮಗಳು ಪಾಪು ಆಗಿದ್ದಾಗಿನ ಸ್ನಾನದ ಟಬ್‌ನಲ್ಲಿ ತಣ್ಣೀರು ತುಂಬಿ ಬಕೆಟ್ ಇಳಿಸಿದೆವು. ಅವರು ಸೈಕಲ್ ಸೀಟಿನ ಮೇಲೆ ಕೂತು ಕಥೆ ಶುರುಮಾಡಿದರು. ಸೆಕೆಗೆ ಬಿಯರ್ ಕೆಡುತ್ತದೆ ಅಂತ ಇಲ್ಲಿನ ದೊರೆ 1553ರಲ್ಲಿ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಮಾಡುವುದನ್ನೇ ನಿಲ್ಲಿಸಿದ್ದನಂತೆ. ಮಾರ್ಚ್‌ನಲ್ಲಿ ಮಾಡಿದ್ದನ್ನು ಉಳಿಸಿಕೊಳ್ಳಲು ನೆಲದಡಿ ಕೋಣೆ ತೋಡಿ, ಚಳಿಗಾಲದಲ್ಲಿ ಕೊಯ್ದಿಟ್ಟ ಮಂಜುಗಡ್ಡೆ ತುಂಬಿ, ಮೇಲೆ ನೆರಳಿಗೆ ಚೆಸ್ಟ್‌ನಟ್ ಮರ ನೆಟ್ಟರು. ಆ ಮರಗಳ ಕೆಳಗೆ ಬೆಂಚು ಹಾಕಿದ್ದೇ ಇವತ್ತಿನ ಬಿಯರ್ ಗಾರ್ಡನ್. 1870ರ ದಶಕದಲ್ಲಿ ಲಿಂಡೆ ಅನ್ನುವ ಎಂಜಿನಿಯರ್ ತಂಪು ಮಾಡುವ ಯಂತ್ರವನ್ನು ಮೊದಲು ಪಳಗಿಸಿದ್ದೂ ಇದೇ ಊರಿನ ಬಿಯರ್ ಕಾರ್ಖಾನೆಯಲ್ಲಿ. ಅಮ್ಮನ ಫ್ರಿಜ್ಜಿಗೂ ಬಿಯರಿಗೂ ನೆಂಟಸ್ತಿಕೆ ಇದೆ ಅಂತಾಯಿತು. ಅವಳಿಗೆ ಹೇಳುವ ಧೈರ್ಯ ನನಗಿಲ್ಲ.

ಹೊರಡುವಾಗ ಅಜ್ಜ ಸುಮ್ನೆ ಕೇಳಿದರು. 'ನಿಮ್ಮಪ್ಪನಿಗೆ ಯಾವ ಬಿಯರ್ ಇಷ್ಟ ಇತ್ತು?'

ಗೊತ್ತಿಲ್ಲ. ಬಾಟಲಿಯನ್ನೇ ನಾನು ಸರಿಯಾಗಿ ನೋಡಿಲ್ಲ. ಅದು ಯಾವಾಗಲೂ ಹಳೇ ಪೇಪರ್ ಸುತ್ತಿಕೊಂಡೇ ಮನೆಗೆ ಬರುತ್ತಿತ್ತು. ಅಟ್ಟದಲ್ಲಿ ಅಡಿಕೆ ಮೂಟೆಗಳ ಹಿಂದೆ ಅದರ ಜಾಗ. ಅಪ್ಪ ಕತ್ತಲಲ್ಲಿ, ನಿಂತುಕೊಂಡೇ, ಗಬಗಬ ಕುಡಿದು, ಏಲಕ್ಕಿ ಅಗಿಯುತ್ತಾ ಇಳಿದು ಬರುತ್ತಿದ್ದರು. ಅಮ್ಮನಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಇಲ್ಲಿ ಕುಡಿದು ಹಾಳಾದವರು ಇಲ್ಲ ಅಂತಲ್ಲ, ರೈಲ್ವೆ ಸ್ಟೇಷನ್‌ಗೆ ಹೋದರೆ ಸಾಕು. ಆದರೂ ಬಿಯರ್ ಗಾರ್ಡನ್‌ನಲ್ಲಿ ಅಪ್ಪ ಮಗ ಎದುರುಬದುರು ಕೂತದ್ದು ಕಂಡರೆ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ. ಅಪ್ಪ ಕೂತು, ನಿಧಾನವಾಗಿ ಕುಡಿದದ್ದನ್ನು ನಾನು ನೋಡಲೇ ಇಲ್ಲ.

ಬುಧವಾರ ಅಮ್ಮನೇ ಫೋನ್ ಮಾಡಿದಳು. ಸ್ವೆಟರ್ ಹಾಕಿಕೊಂಡೇ ವಿಡಿಯೋಗೆ ಬಂದೆ. ತೋಳು ಇನ್ನೂ ಬಾಳೆಹಣ್ಣು ನಾರುತ್ತಿತ್ತು, ಅದು ಅವಳಿಗೆ ಗೊತ್ತಾಗುವ ಹಾಗಿರಲಿಲ್ಲ ಬಿಡಿ. ಅಳತೆ ಸರಿಯಾಗಿದೆ ಅಂದೆ. ಅವಳು ಹೂಂ ಅಂದಳು. ಸ್ವಲ್ಪ ಹೊತ್ತು ಬಿಟ್ಟು, 'ಈಗೆಷ್ಟಿದೆ ಬಿಸಿ?' ಅಂದಳು.

'ತಣ್ಣೀರಲ್ಲಿ ಇಟ್ಟ ಮೇಲೆ 19.'

'ಮತ್ತೆ? ಬೇಸಿಗೇಲಿ ದೋಸೆ ಹಿಟ್ಟು ಹುಳಿ ಜಾಸ್ತಿ ಆಗ್ಬಾರ್ದು ಅಂತ ನಾನೂ ಪರಾತದಲ್ಲಿ ನೀರು ಹಾಕಿ ಇಡ್ತಿರ್ಲಿಲ್ವಾ?'

ಇಡುತ್ತಿದ್ದಳು. ಪುಷ್ಯದ ಚಳಿಗೆ ಅದೇ ಪಾತ್ರೆ ಕಂಬಳಿ ಹೊದ್ದು ಬಚ್ಚಲುಮನೆಗೆ ಹೋಗುತ್ತಿತ್ತು. ಅಲ್ಲಿ ಹಂಡೆ ಒಲೆಯಲ್ಲಿ ಅಡಿಕೆ ಸಿಪ್ಪೆಯ ಕೆಂಡ. ಮಲಗುವ ಮುಂಚೆ ಹೋಗಿ ಪಾತ್ರೆಯ ಹೊಟ್ಟೆಗೆ ಅಂಗೈ ಒತ್ತಿ ನೋಡಿ, ಒಂದು ಗೇಣು ಆಚೆಗೋ ಈಚೆಗೋ ಸರಿಸುತ್ತಿದ್ದಳು.

'ಉಕ್ಕು ಇಳಿದ ಮೇಲೆ ತಣ್ಣಗಾಗತ್ತಲ್ವೇನೋ' ಅಂದಳು. 'ಆಗ ಅದಕ್ಕೆ ಏನು ಹೊದಿಸ್ತೀಯ?'