ಬಿಳಿ ಐದರ ಪೆಟ್ಟಿಗೆ

"ತಮಾ, ನಿನ್ನ ಪೆಟ್ಟಿಗೆ ಬಿಳಿ ಐದರಲ್ಲಿ ಇದ್ದು. ನೀ ಬಿಳಿ ಏಳರಲ್ಲಿ ಬಾರಿಸ್ತಾ ಇದ್ದೆ. ಎಂತಕ್ಕೆ?"

ಅಜ್ಜನ ತಿಥಿಗೆ ಬಂದಿದ್ದ ಸೋದರಮಾವ ಇಷ್ಟು ಹೇಳಿ, ಹೆಡ್‌ಫೋನ್ ಕಳಚಿ ನನ್ನ ಕೈಗಿಟ್ಟು, ಇನ್ನೊಂದೆರಡು ಮಾತಾಡಿ ಕವಳ ಹಾಕಲು ಕೆಳಗಿಳಿದುಬಿಟ್ಟ. ಸಂಜೆ ಬಸ್ಸಿಗೆ ಸಿದ್ದಾಪುರದ ಕಡೆ ಹೊರಟೂ ಹೋದ. ನನಗೆ ಮಾತ್ರ ಈ ವಾರವೆಲ್ಲ ಆ "ಎಂತಕ್ಕೆ" ಬಿಟ್ಟಿಲ್ಲ.

ಮಾವ ಹಾರ್ಮೋನಿಯಂ ನುಡಿಸುವವನು. ಭಜನೆಗೂ ಸೈ, ಊರಿಗೆ ಬಂದ ಹಿಂದೂಸ್ತಾನಿ ಗಾಯಕರಿಗೆ ಸಾಥ್ ಕೊಡುವುದಕ್ಕೂ ಸೈ. ತನ್ನ ಕಿವಿಯ ಮೇಲೆ ಅವನಿಗಿರುವ ನಂಬಿಕೆ ಹೆತ್ತ ಮಕ್ಕಳ ಮೇಲೂ ಇಲ್ಲ. ಮದುವೆಮನೆಗೆ ಹೋದರೆ ಕಾಲು ತೊಳೆಯುವ ಮೊದಲೇ ವಾಲಗದವರ ಶ್ರುತಿ ಎಷ್ಟೆಂದು ಹೇಳಿ ಮುಗಿಸಿರುತ್ತಾನೆ. "ಇವನನ್ನು ಅಡುಗೆಮನೆಗೆ ಬಿಟ್ಟರೆ ಒಗ್ಗರಣೆಯ ಶ್ರುತಿಯನ್ನೂ ಹೇಳ್ತಾನೆ" ಎಂಬುದು ಅಮ್ಮನ ದೂರು. ಹಾರ್ಮೋನಿಯಂನ ಮನೆಗಳ ಲೆಕ್ಕ ಗೊತ್ತಿಲ್ಲದವರಿಗೆ ಹೇಳುವುದಾದರೆ, ಬಿಳಿ ಒಂದು ಎಂದರೆ ಪಾಶ್ಚಾತ್ಯರ ಸಿ. ಹಾಗೆ ಎಣಿಸುತ್ತ ಹೋದರೆ ಬಿಳಿ ಐದು ಜಿ, ಬಿಳಿ ಏಳು ಬಿ.

ನಾನು ರೆಕಾರ್ಡ್ ಮಾಡುತ್ತಿದ್ದದ್ದು ಅಮೆರಿಕದ ಈಗಲ್ಸ್ ತಂಡದ 'ಹೋಟೆಲ್ ಕ್ಯಾಲಿಫೋರ್ನಿಯಾ' ಹಾಡಿನ ಕೊನೆಯ ಗಿಟಾರ್ ಸೋಲೋ. 1976ರ ಡಿಸೆಂಬರಿನಲ್ಲಿ ಬಂದ ಈ ಹಾಡನ್ನು ಕಾಲೇಜು ಹಾಸ್ಟೆಲಿನಲ್ಲಿ ಗಿಟಾರ್ ಮುಟ್ಟಿದವರೆಲ್ಲ ಒಂದಲ್ಲ ಒಂದು ದಿನ ಕೆಡಿಸಿಯೇ ಇರುತ್ತಾರೆ. ಹಾಡು ಬಿ ಮೈನರ್, ಅಂದರೆ ಅದರ ಸಾ ಬಿಳಿ ಏಳರಲ್ಲಿ. ತಂಡದ ಗಿಟಾರ್ ವಾದಕರಾದ ಡಾನ್ ಫೆಲ್ಡರ್ ಮತ್ತು ಜೋ ವಾಲ್ಷ್ ಒಬ್ಬರಾದ ಮೇಲೊಬ್ಬರು ನುಡಿಸಿ, ಕೊನೆಗೆ ಇಬ್ಬರೂ ಕೂಡಿ ಮೆಟ್ಟಿಲಿಳಿಯುತ್ತಾರೆ. ಅಟ್ಟದಲ್ಲಿ ನಾನೊಬ್ಬನೇ. ಹಾಗಾಗಿ ಮೊದಲು ಫೆಲ್ಡರ್ ಆಗಿ ಎಡಗಿವಿಗೆ, ಆಮೇಲೆ ವಾಲ್ಷ್ ಆಗಿ ಬಲಗಿವಿಗೆ ನುಡಿಸಿ ಜೋಡಿಸುತ್ತೇನೆ.

ಬೇರೆಯವರ ಹಾಡನ್ನು ನುಡಿಸುವ ಇಂಥ ಕವರ್ ಸುಧಾರಿಸುವುದು ತಂತಿ ಎಳೆಯುವುದರಲ್ಲಿ. ಒಂದು ಸ್ವರದಿಂದ ತಂತಿಯನ್ನು ಬಾಗಿಸಿ ಮೇಲಿನ ಸ್ವರ ಮುಟ್ಟುವಾಗ ಕೂದಲೆಳೆಯಷ್ಟು ಕಡಿಮೆಯಾದರೂ ಇಡೀ ಸಾಲು ಅಳುಮೋರೆ ಹಾಕುತ್ತದೆ. ಮೂಲವನ್ನು ನಿಧಾನ ಮಾಡಿ ಕೇಳಬೇಕು, ಒಂದೊಂದೇ ಎಳೆತವನ್ನು ಅದರ ಪಕ್ಕಕ್ಕಿಟ್ಟು ನೋಡಬೇಕು, ಮತ್ತೆ ನುಡಿಸಬೇಕು. ಬೆಂಗಳೂರಿನಲ್ಲಿರುವ ನನ್ನ ಗೆಳೆಯನೊಬ್ಬನಿಗೆ ಇದು ಒಪ್ಪಿಗೆಯಿಲ್ಲ. ನಾನು ಏನು ಕಳಿಸಿದರೂ ಅವನಿಂದ ಬರುವ ಉತ್ತರ, ಕೊಳ್ಳಬೇಕಾದ ಯಾವುದೋ ಒಂದು ವಸ್ತುವಿನ ಹೆಸರು. ಒಳ್ಳೆಯವನೇ. ಕಿವಿ ಮಾತ್ರ ಪರ್ಸಿನಲ್ಲಿದೆ.

ಆ ಮಧ್ಯಾಹ್ನ ತಿಥಿ ಊಟ ಮುಗಿದು ಎಲ್ಲರೂ ಕಂಬಳಿ ಮೇಲೆ ಉರುಳಿಕೊಂಡಿದ್ದರು. ಪಕ್ಕದ ಮನೆಯ ಅಡಿಕೆ ಸುಲಿಯುವ ಮಷಿನ್ ಊಟದ ಹೊತ್ತಿಗೆ ನಿಂತಿತ್ತು. ಕೊಯ್ಲಿನ ದಿನಗಳಲ್ಲಿ ನಮ್ಮ ಕಡೆ ಅದು ನಿಂತಾಗಲೇ ರೆಕಾರ್ಡಿಂಗ್. ಮಾವ ಅಟ್ಟದ ಏಣಿ ಹತ್ತಿ ಬಂದ, "ಕೇಳಿಸು ನೋಡ್ವ" ಅಂದ, ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದ. ಸೋಲೋ ಶುರುವಾಗುವ ಮೊದಲು ನಾನು ತಂತಿಯಿಂದ ಕೈ ತೆಗೆದಿದ್ದೆ. ಆ ಕ್ಷಣದಲ್ಲೇ ಅವನು ಮೂಗಿನಲ್ಲಿ ಸಣ್ಣಗೆ "ಸಾ" ಹಿಡಿದ. ನಾನು ನುಡಿಸತೊಡಗಿದಾಗ ಹುಬ್ಬು ಗಂಟಿಕ್ಕಿತು. ಮುಗಿದ ಮೇಲೆ ಅಂದದ್ದು ಆ ಮಾತು.

"ಅದು ಶ್ರುತಿಪೆಟ್ಟಿಗೆ ಅಲ್ಲ ಮಾವಾ, ಕರೆಂಟಿನ ಸದ್ದು" ಅಂದೆ.

"ಕರೆಂಟಾದ್ರೆ ಎಂತಾತು? ಕೇಳ್ತು ಅಲ್ದಾ?"

ನನ್ನ ಗಿಟಾರಿನದು ಒಂಟಿ ಸುರುಳಿಯ ಪಿಕಪ್. ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳು ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಅಲುಗಿದ್ದನ್ನು ಅದು ಹಿಡಿಯುತ್ತದೆ. ಹಾಗೆಯೇ ಗೋಡೆಯೊಳಗಿನ ವೈರು, ಟ್ಯೂಬ್‌ಲೈಟು, ಚಾರ್ಜರು ಎಲ್ಲವುಗಳ 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ಗುಂಯ್ ಸದ್ದನ್ನೂ ಹಿಡಿಯುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲೇ ಇದಕ್ಕೆ ಮದ್ದು ಮಾಡಿದ್ದ. ಎರಡು ಸುರುಳಿಗಳನ್ನು ಒಂದಕ್ಕೊಂದು ತಿರುವುಮುರುವಾಗಿ ಜೋಡಿಸಿದರೆ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ, ಸ್ವರ ಉಳಿಯುತ್ತದೆ. ಆದರೆ ಒಂಟಿ ಸುರುಳಿಯ ಆ ಗಾಜಿನಂಥ ನಾದ ಅದರಲ್ಲಿ ಬರುವುದಿಲ್ಲ. ಅದಕ್ಕೇ ನಾನು ಗುಂಯ್ ಜೊತೆ ಸಂಸಾರ ಮಾಡಿಕೊಂಡಿದ್ದೇನೆ. ಗಿಟಾರ್ ಹಿಡಿದು ಕೂತಲ್ಲೇ ತಿರುಗಿದರೆ ಒಂದು ದಿಕ್ಕಿನಲ್ಲಿ ಅದು ಇಳಿಯುತ್ತದೆ. ನಮ್ಮ ಮನೆಯಲ್ಲಿ ಅದು ಕೊಟ್ಟಿಗೆಯ ದಿಕ್ಕು. ನಾನು ದಿನವೂ ಕೊಟ್ಟಿಗೆಗೆ ಮುಖ ಮಾಡಿ ಕೂರುವುದನ್ನು ಕಂಡು ಅಮ್ಮ ಯಾರೋ ವಾಸ್ತು ಹೇಳಿಕೊಟ್ಟಿದ್ದಾರೆ ಎಂದುಕೊಂಡಿದ್ದಾಳೆ. ದಾಸವಾಳದ ಬುಡದ ಅರ್ಥಿಂಗ್ ಗುಂಡಿಗೆ ಕೊಡಪಾನದಲ್ಲಿ ನೀರು ಹೊಯ್ದೂ ನೋಡಿದ್ದೇನೆ. ನಾಯ್ಸ್ ಗೇಟ್ ಹಾಕಿದರೆ ಸ್ವರ ನಿಂತ ಕೂಡಲೇ ಎಲ್ಲ ಸದ್ದೂ ಪಟ್ಟನೆ ಸತ್ತುಹೋಗುತ್ತದೆ. ಆ ಸಾವು ನನಗೆ ಗುಂಯ್‌ಗಿಂತ ಅಸಹ್ಯ.

ರಾತ್ರಿ ಲೆಕ್ಕ ಹಾಕಿದೆ. ಕೆಳಗಿನ ಸಪ್ತಕದ ಜಿ ಸ್ವರ ಸರಿಯಾಗಿ 49 ಹರ್ಟ್ಸ್. ಕರೆಂಟು 50. ಒಂದು ಅರ್ಧಸ್ವರವನ್ನು ನೂರು ಪಾಲು ಮಾಡಿದರೆ 35 ಪಾಲು ಮೇಲೆ. ಏಣಿ ಇಳಿಯುತ್ತ ಮಾವ ತಿರುಗಿ ಅಂದದ್ದು ನೆನಪಾಯಿತು: "ಬಿಳಿ ಐದಕ್ಕಿಂತ ತುಸು ಮೇಲೆಯೇ ಇದ್ದು ಅನ್ನು."

ಇನ್ನೊಂದು ಮಾತೂ ಹೇಳಿದ್ದ. "ಒಂದು ಕಡೆ ಬಂದು ಸೇರಿದ ಹಾಂಗೆ ಆಗ್ತು. ಆದ್ರೆ ಪೂರ್ತಿ ಸೇರ್ತಿಲ್ಲೆ." ಈ ಹಾಡಿನಲ್ಲಿ ಎಂಟು ಕಾರ್ಡುಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಸುತ್ತುತ್ತವೆ: ಬಿ ಮೈನರ್, ಎಫ್ ಶಾರ್ಪ್, ಎ, ಇ, ಜಿ, ಡಿ, ಇ ಮೈನರ್, ಮತ್ತೆ ಎಫ್ ಶಾರ್ಪ್. ಐದನೆಯದು ಜಿ. ಕಾರ್ಡ್ ಎಂದರೇನೆಂದು ಕೇಳಿದರೆ ಮಾವನಿಗೆ ಗೊತ್ತಿಲ್ಲ. ಆದರೂ ಪ್ರತಿ ಸುತ್ತಿನ ಐದನೇ ಮನೆಗೆ ಬಂದಾಗ ಪೆಟ್ಟಿಗೆಯ ಗುಂಯ್ ಹಾಡಿನ ಹತ್ತಿರ ಬಂದು ಕೈಚಾಚಿ ತಪ್ಪಿಸಿಕೊಳ್ಳುವುದನ್ನು ಅವನು ಕೇಳಿಸಿಕೊಂಡಿದ್ದ. ವರ್ಷಗಟ್ಟಲೆ ಅದೇ ಗುಂಯ್ ನನ್ನ ಕಿವಿಯಲ್ಲೂ ಇದೆ. ಅದಕ್ಕೊಂದು ಸ್ವರವಿದೆ ಎಂಬುದೇ ನನಗೆ ಹೊಳೆದಿರಲಿಲ್ಲ.

ಶ್ರುತಿಪೆಟ್ಟಿಗೆ ಇಟ್ಟುಕೊಂಡು ಬೆಳೆದವರಿಗೂ ಕ್ಯಾಸೆಟ್ ಕೇಳಿ ಬೆಳೆದ ನಮ್ಮಂಥವರಿಗೂ ವ್ಯತ್ಯಾಸ ಇಲ್ಲೇ ಇರಬೇಕು. ಅವರಿಗೆ ಎಡೆಬಿಡದೆ ಕೇಳುವ ಸದ್ದು ಯಾವುದೇ ಇರಲಿ, ಅದು ನೆಲ. ಅದರ ಮೇಲೆ ನಿಂತೇ ಉಳಿದದ್ದು. ಟೇಪಿನ ಹಿಸ್ಸ್, ಕರೆಂಟಿನ ಗುಂಯ್, ಮಳೆಗಾಲದ ಜೀರುಂಡೆ, ಇವನ್ನೆಲ್ಲ ಕಳೆದು ಉಳಿದದ್ದನ್ನು ಸಂಗೀತ ಎನ್ನಲು ನಾವು ಕಲಿತೆವು. ಸುಧಾರಿಸುವುದು ಎಂದರೆ ನಮಗೆ ಕಳೆಯುವುದೇ. ಮಾವನ ಬಳಿ ಈ ಕಳೆಯುವ ಲೆಕ್ಕವೇ ಇಲ್ಲ. ಕೇಳ್ತು ಅಲ್ದಾ?

ಹಾಗಂತ ಅವನನ್ನು ಗುರುವಿನ ಪೀಠದಲ್ಲಿ ಕೂರಿಸಲು ನಾನು ತಯಾರಿಲ್ಲ. ಸ್ವರ ಜಾರಿಸಲು ಬಾರದ ವಾದ್ಯವೆಂದು ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಹೊರಗಿಟ್ಟಿದ್ದ ಹಾರ್ಮೋನಿಯಂ ಅವನದು. ನಾನು ತಂತಿ ಎಳೆದು ಸ್ವರ ಏರಿಸಿದ್ದನ್ನು ಅವನು ಹೊಗಳಲಿಲ್ಲ, ತೆಗಳಲೂ ಇಲ್ಲ, ಬೆರಳನ್ನೇ ನೋಡುತ್ತಿದ್ದ. ಅಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು ಎಂಬುದು ನನ್ನ ಗುಮಾನಿ. ಅದಕ್ಕೇ ಬೇಕೆಂದೇ ಫೆಲ್ಡರ್ ಕಥೆ ಹೇಳಿದ್ದೆ. ಮಯಾಮಿಯ ಸ್ಟುಡಿಯೋದಲ್ಲಿ ಫೆಲ್ಡರ್ ಈ ಸೋಲೋವನ್ನು ಹೊಸದಾಗಿ ಕಟ್ಟಲು ಹೊರಟಾಗ, ತಂಡದ ಡಾನ್ ಹೆನ್ಲಿ ತಡೆದನಂತೆ: ಮೊದಲು ಮಾಡಿ ಕೊಟ್ಟ ಡೆಮೊ ಎಂಬ ಮಾದರಿ ಕ್ಯಾಸೆಟ್ಟಿನಲ್ಲಿ ಇದ್ದಂತೆಯೇ ಬೇಕು. ಫೆಲ್ಡರ್‌ಗೆ ಅದು ಮರೆತೇ ಹೋಗಿತ್ತು. ಮಾಲಿಬುವಿನ ಮನೆಗೆ ಫೋನ್ ಮಾಡಿ, ಮನೆಗೆಲಸದಾಕೆಯಿಂದ ಆ ಕ್ಯಾಸೆಟ್ ಹುಡುಕಿಸಿ, ಫೋನಿನಲ್ಲೇ ಕೇಳಿ ತನ್ನದನ್ನೇ ಮತ್ತೆ ಕಲಿತ. ಇದನ್ನು ಅವನೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ.

"ಹಾಂಗಾರೆ ಅವಂದೂ ನಕಲೇ ಆತು" ಅಂದ ಮಾವ, ತೃಪ್ತಿಯಿಂದ.

ಬುಧವಾರ ಫೋನ್ ಮಾಡಿ ಕೇಳಿದೆ, ಆ ಸದ್ದಿಗೆ ಏನು ಮಾಡಲಿ ಎಂದು. "ನಿಲ್ಸಲೆ ಆಗ್ತಿಲ್ಲೆ ಅಂದ್ರೆ ನೀನೇ ಮೇಲೆ ಹೋಗು." ಮಾಡಿಯೇಬಿಟ್ಟೆ. ಹಿನ್ನೆಲೆಯ ಟ್ರ್ಯಾಕನ್ನು ಕಂಪ್ಯೂಟರಿನಲ್ಲಿ 35 ಪಾಲು ಏರಿಸಿ, 440 ಹರ್ಟ್ಸ್ ಇರಬೇಕಾದ ಎ ಸ್ವರ 449ಕ್ಕೆ ಬರುವಂತೆ ಗಿಟಾರ್ ಕೂಡಿಸಿ, ಗೇಟ್ ಹಾಕದೆ, ಕೊಟ್ಟಿಗೆಗೆ ಪಕ್ಕೆ ಕೊಟ್ಟು ಕೂತು ನುಡಿಸಿದೆ. ಜಿ ಕಾರ್ಡ್ ಬಂದಾಗಲೆಲ್ಲ ಗುಂಯ್ ಅದರೊಳಗೆ ಕೂತುಕೊಂಡಿತು, ಅಡಿಯಲ್ಲಿ ಯಾರೋ ಮಂದ್ರ ಹಿಡಿದಂತೆ. ಬಿ ಮೈನರಿಗೆ ತಿರುಗಿದ ಕೂಡಲೇ ಅದೇ ಸದ್ದು ಕೋಮಲ ಧೈವತವಾಗಿ ಕಾಡಿತು. ಆ ಹಾಡಿಗೆ ಆ ಕಾಟ ಒಪ್ಪುತ್ತದೆ ಎಂದೇ ನನ್ನ ಅಭಿಪ್ರಾಯ. ಬೆಂಗಳೂರಿನ ಗೆಳೆಯನಿಗೆ ಕಳಿಸಿದೆ. ಗುಂಯ್ ಬಾರದ ಹೊಸ ಪಿಕಪ್ಪಿನ ಹೆಸರು, ಬೆಲೆ ಸಮೇತ ಬಂತು.

ನಿನ್ನೆ ಮಾವನದೇ ಫೋನು. ಅವನ ಮನೆಯ ಫ್ರಿಜ್ಜೂ ಬಿಳಿ ಐದಂತೆ. ದೇವಸ್ಥಾನದ ಪಕ್ಕದ ಟ್ರಾನ್ಸ್‌ಫಾರ್ಮರೂ ಅದೇ, ಒಂದು ಸಪ್ತಕ ಮೇಲೆ. ಎಲ್ಲರಿಗೂ ಒಂದೇ ಶ್ರುತಿ ಹೇಗೆ ಎಂಬುದು ಅವನ ಪ್ರಶ್ನೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ದಕ್ಷಿಣದ ಜಾಲವೂ ಉಳಿದ ದೇಶದ ಜಾಲಕ್ಕೆ ಸೇರಿತು, ಅಂದಿನಿಂದ ಕೈಗಾದ ಯಂತ್ರವೂ ಪಂಜಾಬಿನ ಯಂತ್ರವೂ ಒಂದೇ ಲಯದಲ್ಲಿ ತಿರುಗಬೇಕು ಎಂದು ವಿವರಿಸಿದೆ. ಈಗ ಕರೆಂಟಿನ ಆವರ್ತನವನ್ನು 49.90ರಿಂದ 50.05 ಹರ್ಟ್ಸ್ ಒಳಗೆ ಇಡಬೇಕೆಂಬ ನಿಯಮವಿದೆ. ಕರೆಂಟಿನ ಬರವಿದ್ದ ಹಿಂದಿನ ಕಾಲದಲ್ಲಿ 49ಕ್ಕೂ ಇಳಿಯುತ್ತಿತ್ತು ಅಂದಾಗ ಮಾವನಿಗೆ ಬಲು ಖುಷಿಯಾಯಿತು. "ಆಗ ಚೊಕ್ಕ ಬಿಳಿ ಐದು!"

ಸ್ವಲ್ಪ ಹೊತ್ತು ಬಿಟ್ಟು ಕೇಳಿದ. "ಆ ಹಾಡು ಮಾಡಿದವ್ರ ದೇಶದಲ್ಲಿ ಎಷ್ಟು?"

ಅಲ್ಲಿ 60. ಅಕ್ಕಪಕ್ಕದ ಮನೆಗಳಾದ ಕಪ್ಪು ಐದಕ್ಕೂ ಬಿಳಿ ಏಳಕ್ಕೂ ನಟ್ಟನಡುವೆ ಬೀಳುತ್ತದೆ ಅಂದೆ.

"ಅವ್ಕೆ ಮನೆಯೇ ಇಲ್ಲೆ?" ಅಂದ ಮಾವ. "ಪಾಪ."