ಯಾವುದಕ್ಕಿಂತ ಚೆನ್ನಾಗಿದೆ?

"ಪಿಕಪ್ ಈಗ ಎಷ್ಟು ಚೆನ್ನಾಗಿದೆ ಗೊತ್ತಾ!" ಎಂದು ಗೆಳೆಯ ಸಂಭ್ರಮದಿಂದ ಹೇಳಿದಾಗ, ಎಂಜಿನ್ನಿನ ಶಕ್ತಿ ಅಳೆಯುವ ಡೈನೊ ಯಂತ್ರದ ರೋಲರ್‌ಗಳ ಮೇಲೆ ನಿಲ್ಲಿಸಿದ್ದ ಅವನ ಹಳೆಯ ಮಾರಿಸ್ ಮೈನರ್ ಕಾರಿನ ಬಾನೆಟ್ಟಿನೊಳಗೆ ತಲೆ ಹಾಕಿದ್ದ ಮೆಕ್ಯಾನಿಕ್ ಕತ್ತೆತ್ತದೆಯೇ "ಯಾವುದಕ್ಕಿಂತ?" ಎಂದು ಕೇಳಿದರು. "ಮೊದಲಿಗಿಂತ" ಎಂದ ಗೆಳೆಯ. "ಮೊದಲು ಹೇಗಿತ್ತು ಅಂತ ಅಳತೆ ಮಾಡಿದ್ದೀರಾ?" ಎಂಬ ಮುಂದಿನ ಪ್ರಶ್ನೆಗೆ ಅವನ ಬಳಿ ಉತ್ತರವಿರಲಿಲ್ಲ. ಈ ವಾರವೆಲ್ಲ ನನ್ನ ತಲೆಯಲ್ಲಿ ಸುತ್ತುತ್ತಿರುವುದು ಅಲ್ಲಿ ಅಚ್ಚಾಗಿ ಬಂದ ಗ್ರಾಫ್‌ಗಳಿಗಿಂತ ಹೆಚ್ಚಾಗಿ ಆ ಒಂದು ಪದದ ಪ್ರಶ್ನೆಯೇ.

ಗೆಳೆಯ ಮಾಡಿಸಿದ್ದಿಷ್ಟು: ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಪೈಪಿಗೆ ಕಳಿಸುವ ಎರಕದ ಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ತೆಗೆಸಿ, ಅದೇ ಕೆಲಸಕ್ಕೆ ಮೂರು ಕವಲಿನ ಕೊಳವೆ ಜೋಡಣೆಯಾದ ಹೆಡರ್ ಹಾಕಿಸಿದ್ದ, ಅಲ್ಲಿಂದ ಹಿಂದಕ್ಕೆ ಮೊದಲಿಗಿಂತ ಅಗಲವಾದ ಪೈಪು ಎಳೆಸಿದ್ದ, ಕೊನೆಗೆ ಗುಡುಗುವ ಸೈಲೆನ್ಸರ್ ಕೂಡಿಸಿದ್ದ. ಕಾರು ಚಾಲೂ ಮಾಡಿದರೆ ಶಬ್ದ ನಿಜಕ್ಕೂ ಕೇಳುವಂತಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಗೆಳೆಯ ಹಣ ಕೊಟ್ಟ ವಸ್ತುವನ್ನು ಹೊಗಳದೆ ಇರಲಾರದ ಮನುಷ್ಯ. ಭಾಗಗಳನ್ನು ಮಾರಿದವನು ಅದಕ್ಕೆ ತಕ್ಕ ಮಾತುಗಾರ. ಅವರಿಬ್ಬರ ನಡುವೆ ಕಾರಿನ ಅಭಿಪ್ರಾಯವನ್ನು ಕೇಳುವವರೇ ಇರಲಿಲ್ಲ.

ಮೆಕ್ಯಾನಿಕ್ ಮಿತಭಾಷಿ, ಸ್ವಲ್ಪ ಒರಟು ಕೂಡ. ಹಳೆಯ ಸೈಲೆನ್ಸರನ್ನು ಡಿಕ್ಕಿಯಿಂದ ತೆಗೆಸಿ ಕಿವಿಯ ಬಳಿ ಹಿಡಿದು ಅಲುಗಾಡಿಸಿದರು. ಒಳಗಿನ ತಗಡುಗಳು ಕಳಚಿಬಿದ್ದು ಗಲಗಲ ಸದ್ದು ಮಾಡಿದವು. ತುದಿಯನ್ನು ನೆಲಕ್ಕೆ ಕುಟ್ಟಿದಾಗ ಕರಿ ಮಸಿಯ ಜೊತೆ ತುಕ್ಕಿನ ಚಕ್ಕೆಗಳು ಉದುರಿದವು. ಅಂದರೆ ಗೆಳೆಯ ತನ್ನ ಹೊಸ ಎಕ್ಸಾಸ್ಟನ್ನು ಹೋಲಿಸಿ ನೋಡಿದ್ದು ಕಾರ್ಖಾನೆಯಿಂದ ಬಂದ ಮೂಲ ಎಕ್ಸಾಸ್ಟಿಗಲ್ಲ, ಅದರ ಅವಶೇಷಕ್ಕೆ. ಹೀಗೆ ಅರ್ಧ ಕಟ್ಟಿಕೊಂಡ ಸೈಲೆನ್ಸರಿನ ಜಾಗದಲ್ಲಿ ಏನನ್ನು ಹಾಕಿದರೂ ಎಂಜಿನ್ ಹಗುರಾಗಿ ಓಡುತ್ತದೆ, ಮೂಲ ಮಾದರಿಯ ಹೊಸದನ್ನು ಹಾಕಿದರೂ ಅಷ್ಟೇ.

ಹಾಗಾಗಿ ಅವರು ತಮ್ಮಲ್ಲಿದ್ದ ಮೂಲ ಮಾದರಿಯ ಮ್ಯಾನಿಫೋಲ್ಡು, ಪೈಪು ಹಾಗೂ ಸೈಲೆನ್ಸರನ್ನು ಕೂಡಿಸಿ ಒಮ್ಮೆ, ಗೆಳೆಯನ ಹೊಸ ಎಕ್ಸಾಸ್ಟನ್ನು ಮತ್ತೆ ಕೂಡಿಸಿ ಇನ್ನೊಮ್ಮೆ ಡೈನೊ ಓಡಿಸಿದರು. ಮಧ್ಯೆ ಕಾರ್ಬೊರೇಟರಿನಲ್ಲಿ ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ನೀಡಲ್ ಕೂಡ ಬದಲಾಯಿತು, ಏಕೆಂದರೆ ಹೊಗೆ ಸರಾಗವಾಗಿ ಹೊರಹೋಗತೊಡಗಿದಾಗ ಒಳಬರುವ ಗಾಳಿಯೂ ಹೆಚ್ಚುತ್ತದೆ, ಪೆಟ್ರೋಲು ಅದಕ್ಕೆ ಸರಿಯಾಗಿ ಹೆಚ್ಚದಿದ್ದರೆ ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ, ಹಾಗೆಯೇ ಓಡಿಸುತ್ತ ಹೋದರೆ ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗುವ ಅಪಾಯವೂ ಇದೆ. ಹೆಡರ್ ಮಾರಿದವನು ಈ ವಿಷಯವನ್ನು ಬಾಯಿತಪ್ಪಿಯೂ ಹೇಳಿರಲಿಲ್ಲ.

ಎರಡೂ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಾಗ ಹೊಸ ಎಕ್ಸಾಸ್ಟು 4,000 ಆರ್‌ಪಿಎಂ ದಾಟಿದ ಮೇಲೆ ತುಸು ಮುಂದಿತ್ತು. ಕೆಳಗಿನ ವೇಗದಲ್ಲಿ, ಅಂದರೆ ಈ ಕಾರು ಬಹುಪಾಲು ಓಡುವ ವೇಗದಲ್ಲಿ, ಮೂಲ ಮಾದರಿಯದೇ ಕೂದಲೆಳೆಯಷ್ಟು ಮೇಲಿತ್ತು. ಈ 948 ಸಿಸಿ ಎಂಜಿನ್ನಿನ ಶಕ್ತಿ ಹೊಸದಿದ್ದಾಗಲೇ ಸುಮಾರು 37 ಅಶ್ವಶಕ್ತಿ. ಎಕ್ಸಾಸ್ಟಿನಿಂದ ನೂರಕ್ಕೆ ಐದರಷ್ಟು ಲಾಭವಾಯಿತೆಂದು ಉದಾರವಾಗಿ ಲೆಕ್ಕ ಹಾಕಿದರೂ ಸಿಗುವುದು ಎರಡು ಅಶ್ವಶಕ್ತಿಗೂ ಕಡಿಮೆ.

ಇದಕ್ಕೆ ಕಾರಣ ಎಂಜಿನ್ನಿನ ರಚನೆಯಲ್ಲಿಯೇ ಇದೆ. ಎಕ್ಸಾಸ್ಟ್ ವಾಲ್ವ್ ತೆರೆದಾಗ ಒತ್ತಡದ ಅಲೆಯೊಂದು ಪೈಪಿನೊಳಗೆ ಓಡಿ, ಪೈಪು ಅಗಲವಾಗುವ ಅಥವಾ ಕೂಡುವ ಜಾಗಕ್ಕೆ ಬಡಿದು, ಹೀರುವ ಅಲೆಯಾಗಿ ಹಿಂದಿರುಗುತ್ತದೆ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವ್‌ಗಳೆರಡೂ ತೆರೆದಿರುವ ಕ್ಷಣಕ್ಕೆ ಅದು ಬಂದು ತಲುಪಿದರೆ ಉಳಿದ ಹೊಗೆಯನ್ನು ಎಳೆದು ಹೊಸ ಮಿಶ್ರಣಕ್ಕೆ ಜಾಗ ಮಾಡಿಕೊಡುತ್ತದೆ. ಆದರೆ ಮೈನರಿನಲ್ಲಿ ವಾಲ್ವ್ ತೆರೆದು ಮುಚ್ಚುವ ಸೌಮ್ಯ ಕ್ಯಾಮ್‌ಶಾಫ್ಟ್ ಆ ಎರಡು ವಾಲ್ವ್‌ಗಳನ್ನು ಒಟ್ಟಿಗೆ ತೆರೆದಿಡುವುದು ಎಂಜಿನ್ ಸುಮಾರು 15 ಡಿಗ್ರಿ ತಿರುಗುವಷ್ಟು ಹೊತ್ತು ಮಾತ್ರ, ಆದ್ದರಿಂದ ಅಲೆ ಎಷ್ಟೇ ಸಮಯಕ್ಕೆ ಸರಿಯಾಗಿ ಬಂದರೂ ಮಾಡುವ ಕೆಲಸ ಅಲ್ಪ. ಇನ್ನು ಪೈಪನ್ನು ಅತಿಯಾಗಿ ಅಗಲ ಮಾಡಿದರೆ ಕಡಿಮೆ ವೇಗದಲ್ಲಿ ಹೊಗೆಯ ಓಟವೇ ಮಂದವಾಗುತ್ತದೆ. ಎಂಜಿನ್ನಿಗೆ ಹಿಂದಿನಿಂದ ಒಂದಿಷ್ಟು ಒತ್ತಡ ಇರಲೇಬೇಕು ಎಂಬ ಜನಪ್ರಿಯ ಮಾತು ಹುಟ್ಟಿದ್ದು ಬಹುಶಃ ಈ ಅನುಭವದಿಂದಲೇ. ನಿಜವಾಗಿ ಬೇಕಿರುವುದು ಒತ್ತಡವಲ್ಲ, ಹೊಗೆಯ ವೇಗ.

ಅದಲ್ಲದೆ 1951ರಲ್ಲಿ ಆಸ್ಟಿನ್ ಎ30 ಕಾರಿನೊಂದಿಗೆ ಬಂದ ಈ ಎ-ಸೀರೀಸ್ ಕುಟುಂಬದ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿಗೆ ಇರುವುದು ಎರಡೇ ಇನ್‌ಟೇಕ್ ಪೋರ್ಟು, ಅಂದರೆ ಮಿಶ್ರಣ ಒಳಬರುವ ದಾರಿ. ಪಕ್ಕಪಕ್ಕದ ಜೋಡಿಗಳು ಒಂದೊಂದನ್ನು ಹಂಚಿಕೊಂಡು ಒಂದರ ಪಾಲಿನ ಮಿಶ್ರಣವನ್ನು ಇನ್ನೊಂದು ಕಸಿಯುತ್ತಿರುತ್ತವೆ. ಇಂಥದ್ದಕ್ಕೆ ಎಕ್ಸಾಸ್ಟ್ ಮಾತ್ರ ಬದಲಿಸುವುದು ಮುಂಬಾಗಿಲು ಇಕ್ಕಟ್ಟಾಗಿರುವ ಮನೆಗೆ ಹಿತ್ತಿಲ ಬಾಗಿಲನ್ನು ಅಗಲ ಮಾಡಿದಂತೆ. 1961ರ ಮಿನಿ ಕೂಪರ್ ಇದೇ ಕುಟುಂಬದ ಎಂಜಿನ್ನಿನಿಂದ 55 ಅಶ್ವಶಕ್ತಿ ಪಡೆದದ್ದು ನಿಜ, ಆದರೆ ಅದಕ್ಕಾಗಿ ಎಂಜಿನ್ನಿನ ಗಾತ್ರವನ್ನು 848ರಿಂದ 997 ಸಿಸಿಗೆ ಏರಿಸಿ, ಎರಡು ಕಾರ್ಬೊರೇಟರ್ ಕೂಡಿಸಿ, ಹೆಡ್ಡು, ಕ್ಯಾಮು, ಎಕ್ಸಾಸ್ಟು ಎಲ್ಲವನ್ನೂ ಒಂದಕ್ಕೊಂದು ಹೊಂದುವಂತೆ ಬದಲಿಸಿದ್ದರು.

ಇನ್ನೊಂದು ನಷ್ಟವನ್ನು ಡೈನೊ ತೋರಿಸಲಿಲ್ಲ. ಮೂಲ ವಿನ್ಯಾಸದಲ್ಲಿ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡುಗಳು ಎಂಜಿನ್ನಿನ ಒಂದೇ ಮಗ್ಗುಲಲ್ಲಿ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಎಕ್ಸಾಸ್ಟಿನ ಬಿಸಿ ಪೆಟ್ರೋಲನ್ನು ಆವಿಯಾಗಿಸಲು ನೆರವಾಗುತ್ತದೆ. ಹೆಡರ್ ಹಾಕಿದ ಮೇಲೆ ಆ ಬಿಸಿ ತಪ್ಪಿಹೋಯಿತು. ಬೆಳಗಿನ ತಂಪಿನಲ್ಲಿ ಕಾರು ಮೊದಲ ಹತ್ತು ನಿಮಿಷ ಮುಗ್ಗರಿಸುತ್ತದೆ, ಚೋಕ್ ತಳ್ಳಿದರೆ ನಿಂತೇಬಿಡುತ್ತದೆ ಎಂದು ಗೆಳೆಯನೇ ದಾರಿಯಲ್ಲಿ ಹೇಳಿದ್ದ, ಆದರೆ ಅದನ್ನು ಎಕ್ಸಾಸ್ಟಿನ ಖಾತೆಗೆ ಬರೆದುಕೊಂಡಿರಲಿಲ್ಲ. ಲಾಭವನ್ನು ಹೊಸ ಭಾಗಕ್ಕೂ ನಷ್ಟವನ್ನು ಹವೆಗೂ ಹಾಕುವ ಈ ಲೆಕ್ಕ ಅವನೊಬ್ಬನದೇ ಅಲ್ಲ.

ಯಾವುದಕ್ಕಿಂತ ಎಂದು ಕೇಳಿದರೆ ಹಳೆಯ ಕಾರಿನವರು ನೆನಪನ್ನು ಮುಂದೆ ಇಡುತ್ತಾರೆ. ಆ ನೆನಪಿನ ಕಾರು ಯಾವ ವರ್ಷದ್ದು? ಪಿಸ್ಟನ್ ರಿಂಗು ಸವೆಯುತ್ತದೆ, ಡಿಸ್ಟ್ರಿಬ್ಯೂಟರಿನ ಬುಶ್ ಸಡಿಲವಾಗುತ್ತದೆ, ಕಾರ್ಬೊರೇಟರಿನ ಜೆಟ್ ಅಂಡಾಕಾರವಾಗುತ್ತದೆ, ಇವೆಲ್ಲ ಎಷ್ಟು ಮೆಲ್ಲಗೆ ಆಗುತ್ತವೆಂದರೆ ಓಡಿಸುವವನು ಪ್ರತಿ ತಿಂಗಳ ಕುಂದನ್ನೂ ಕಾರಿನ ಸ್ವಭಾವವೆಂದು ಒಪ್ಪಿಕೊಳ್ಳುತ್ತ ಹೋಗುತ್ತಾನೆ. ಹಾಗೆ ಕುಸಿದ ಮಟ್ಟದಿಂದ ಮೇಲೇರಿದ್ದನ್ನೆಲ್ಲ ಸುಧಾರಣೆ ಎನ್ನುತ್ತೇವೆ, ಮೂಲದ ಮಟ್ಟ ಇನ್ನೂ ಮೇಲೆಯೇ ಉಳಿದಿದ್ದರೂ. ಇದರಲ್ಲಿ ಮೋಸಗಾರರ ಕೈವಾಡಕ್ಕಿಂತ ನಮ್ಮ ಕಿವಿಯ ಪಾತ್ರವೇ ದೊಡ್ಡದು: ಶಬ್ದ ಗಡುಸಾದರೆ ಕಾರು ಜೋರಾಗಿ ಓಡುತ್ತಿದೆ ಎನಿಸುತ್ತದೆ.

ಹೊರಡುವ ಮುನ್ನ ಮೆಕ್ಯಾನಿಕ್ ಸಿಲಿಂಡರುಗಳು ಒತ್ತಡ ಹಿಡಿದಿಡುತ್ತವೆಯೇ ಎಂದು ನೋಡುವ ಕಂಪ್ರೆಶನ್ ಪರೀಕ್ಷೆಯನ್ನೂ ಮಾಡಿದರು. ಮೂರು ಸಿಲಿಂಡರುಗಳು ಸರಿಯಿದ್ದವು, ನಾಲ್ಕನೆಯದು ಸ್ಪಷ್ಟವಾಗಿ ಕೆಳಗಿತ್ತು. ಹೆಡ್ ಬಿಚ್ಚಿ ವಾಲ್ವ್ ಕೂರಿಸಿದರೆ ಈ ಎಕ್ಸಾಸ್ಟಿಗಿಂತ ಹೆಚ್ಚು ಪ್ರಯೋಜನವಾದೀತು ಎಂದರು. ಗೆಳೆಯ ಅಗಲದ ಪೈಪಿನ ಬದಲು ಮೂಲ ಅಳತೆಯದನ್ನೇ ಹಾಕಿಸಲು ಒಪ್ಪಿದ್ದಾನೆ, ಹೆಡರ್ ಮಾತ್ರ ಇರಲಿ ಎಂದು ಹಟ ಹಿಡಿದಿದ್ದಾನೆ. ಹೆಡ್ ಬಿಚ್ಚುವ ಮಾತಿಗೆ ಇನ್ನೂ ಹೂಂ ಎಂದಿಲ್ಲ, ಆ ರಿಪೇರಿಯಿಂದ ಶಬ್ದದಲ್ಲೇನೂ ವ್ಯತ್ಯಾಸವಾಗುವುದಿಲ್ಲವಲ್ಲ ಎಂಬುದು ಅವನ ಕೊರಗು.