ಸಂಜೆಯೊಳಗೆ ಕೂಲಿ

ಟೊಮೇಟೊ ರೇಟು ಬಿದ್ದಾಗ ಯಾರ ದುಡ್ಡು ನಿಲ್ಲುತ್ತದೆ ಅಂತ ಗಮನಿಸಿದ್ದೀರಾ? ಟೆಂಪೋದವರು ಬಾಡಿಗೆ ಅಲ್ಲೇ ತಗೊಳ್ಳುತ್ತಾರೆ. ಔಷಧಿ ಅಂಗಡಿಯಲ್ಲಿ ಬಾಕಿ ಜಾಸ್ತಿಯಾದರೆ ಮುಂದಿನ ಡಬ್ಬಿ ಕೊಡುವುದಿಲ್ಲ. ನರ್ಸರಿಯವರು ಮುಂಗಡ ಇಲ್ಲದೆ ಸಸಿ ಬಿಡುವುದಿಲ್ಲ. "ಮುಂದಿನ ವಾರ ನೋಡೋಣಮ್ಮ" ಅಂತ ಹೇಳಿಸಿಕೊಂಡು ಸುಮ್ಮನೆ ಹೋಗುವವರು ಹಣ್ಣು ಕೀಳಲು ಬಂದ ಹೆಂಗಸರು ಮಾತ್ರ.

ನಮ್ಮದು ಕೋಲಾರ ತಾಲ್ಲೂಕಿನ ಒಂದು ಹಳ್ಳಿ. ರಾತ್ರಿ ನಿದ್ದೆಗೆಟ್ಟು ಎಪಿಎಂಸಿ ಮಾರ್ಕೆಟ್ಟಿಗೆ ಹೋಗುವುದು ನಮ್ಮ ಯಜಮಾನರು. ಲೆಕ್ಕದ ಪುಸ್ತಕ ನನ್ನ ಕೈಯಲ್ಲಿ. ನಾವು ಕಥೋಲಿಕರು. ಭಾನುವಾರದ ಬಲಿಪೂಜೆ ಇದೆ, ತಪಸ್ಸುಕಾಲದ ಉಪವಾಸ ಇದೆ, ಮನೆಯಲ್ಲಿ ಸಂಜೆ ಜಪಸರ ಇದೆ. ಆದರೆ ನನ್ನ ನಂಬಿಕೆ ಎಷ್ಟು ಗಟ್ಟಿ ಅಂತ ಗೊತ್ತಾಗುವುದು ಶನಿವಾರ ಬಟವಾಡೆ ಮಾಡುವಾಗ.

ನನ್ನ ತವರು ಕೆ.ಜಿ.ಎಫ್. ಅಲ್ಲಿ ಮನೆಯಲ್ಲಿ ತಮಿಳು, ಸ್ಕೂಲಲ್ಲಿ ಕನ್ನಡ. ಈಗ ಗಂಡನ ಊರಿನ ಹೊಲದಲ್ಲಿ ಅರ್ಧ ಮಾತು ತೆಲುಗು. ಅಪ್ಪ ಚಿನ್ನದ ಗಣಿಯಲ್ಲಿ ನೆಲದಡಿ ದುಡಿದವರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇತ್ತು. ಅಷ್ಟು ಕೆಳಗೆ ಹೋದರೆ ಬಂಡೆಯೇ ಬಿಸಿ. ಪಾಳಿ ಮುಗಿಸಿ ಬಂದ ಅಪ್ಪ ಮೊದಲು ಕೇಳುತ್ತಿದ್ದದ್ದು ಒಂದು ಚೊಂಬು ನೀರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು.

ಪೋಪ್ 13ನೇ ಲಿಯೋ 1891ರಲ್ಲಿ ಬರೆದ 'ರೇರುಮ್ ನೊವಾರುಮ್' ಪತ್ರ ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕೇ. ಆಸ್ತಿ, ಸರ್ಕಾರ, ಸಮಾಜವಾದ ಅಂತ ದೊಡ್ಡ ದೊಡ್ಡ ವಿಷಯಗಳ ನಡುವೆ ಗಣಿಯಲ್ಲಿ, ಕಲ್ಲುಕ್ವಾರಿಯಲ್ಲಿ ದುಡಿಯುವವರ ಮಾತು ಬರುತ್ತದೆ. ಅವರ ಕೆಲಸ ಎಷ್ಟು ಕಷ್ಟವೋ, ದುಡಿಯುವ ಗಂಟೆಗಳು ಅಷ್ಟು ಕಡಿಮೆ ಇರಬೇಕು ಅಂತ. ಆಗ ನಮ್ಮ ಕೆ.ಜಿ.ಎಫ್.ನಲ್ಲಿ ಗಣಿ ನಡೆಸಲು ಬ್ರಿಟಿಷರ ಜಾನ್ ಟೇಲರ್ ಕಂಪನಿ ಬಂದು ಹತ್ತು ಹನ್ನೊಂದು ವರ್ಷ ಆಗಿತ್ತಷ್ಟೆ. ಅಪ್ಪನಂಥವರ ಬಗ್ಗೆ ಧರ್ಮಸಭೆ ಇಷ್ಟು ನೇರವಾಗಿ ಮಾತಾಡಿದೆ ಅಂತ ನನಗೆ ಚಿಕ್ಕವಳಿದ್ದಾಗ ಯಾರೂ ಹೇಳಿರಲಿಲ್ಲ. ಚರ್ಚಿನ ಜ್ಞಾನೋಪದೇಶದ ತರಗತಿಯಲ್ಲಿ ಇದನ್ನು ಮಕ್ಕಳಿಗೆ ಹೇಳಿಕೊಡಬೇಕು, ಅಲ್ವಾ?

ಅದೇ ಜಾಗದಲ್ಲಿ ಇನ್ನೊಂದು ಮಾತಿದೆ. ವರ್ಷದ ಯಾವ ಕಾಲ ಅಂತಲೂ ನೋಡಬೇಕು, ಒಂದು ಕಾಲಕ್ಕೆ ಸುಲಭವಾದ ಕೆಲಸ ಇನ್ನೊಂದು ಕಾಲಕ್ಕೆ ತಡೆಯಲಾಗದಷ್ಟು ಕಷ್ಟ ಆಗುತ್ತದೆ ಅಂತ. ಏಪ್ರಿಲ್ ಬಿಸಿಲಲ್ಲಿ ಮಲ್ಚಿಂಗ್ ಪೇಪರ್ (ಮಣ್ಣು ಮುಚ್ಚುವ ಪ್ಲಾಸ್ಟಿಕ್ ಹಾಳೆ) ಹಾಸಿದ ಸಾಲಿನಲ್ಲಿ ಬಗ್ಗಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಳಗಿನಿಂದಲೂ ಕಾವು, ಮೇಲಿನಿಂದಲೂ ಕಾವು. ಬೇಸಿಗೆಯಲ್ಲಿ ನಮ್ಮ ಹೊಲದಲ್ಲಿ ಈಗ ಬೆಳಗ್ಗೆ ಬೇಗ ಶುರು, ಊಟದ ಹೊತ್ತಿಗೆ ಕೆಲಸ ಮುಗಿಯುತ್ತದೆ. ಕೂಲಿ ಪೂರ್ತಿ ದಿನದ್ದೇ. ಎಷ್ಟು ಹೊತ್ತಿಗೆ ಬರಬೇಕು ಅನ್ನುವುದನ್ನು ಅವರಿಗೇ ಬಿಟ್ಟಿದ್ದೇವೆ. ಹಸು ಕರೆದು ಡೈರಿಗೆ ಹಾಲು ಹಾಕಬೇಕು, ಮಕ್ಕಳನ್ನು ಸ್ಕೂಲಿಗೆ ಹೊರಡಿಸಬೇಕು. ಆ ಲೆಕ್ಕ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಚಿಕ್ಕವರು ತಾವೇ ಮಾಡಿಕೊಳ್ಳಬಲ್ಲದ್ದನ್ನು ದೊಡ್ಡವರು ಕಿತ್ತುಕೊಳ್ಳಬಾರದು ಅಂತ ಪೋಪ್ 11ನೇ ಪಿಯುಸ್ 1931ರಲ್ಲಿ ಬರೆದರು. ಅವರು ಹೇಳಿದ್ದು ರಾಜ್ಯ, ಸಮಾಜದ ಮಟ್ಟದಲ್ಲಿ. ನಾನು ಅದನ್ನು ನಮ್ಮ ಎರಡೂವರೆ ಎಕರೆಗೆ ತಂದುಕೊಂಡಿದ್ದೇನೆ.

ಈಗ ದುಡ್ಡಿನ ವಿಷಯ.

"ಊರಲ್ಲಿ ನಡೆಯುವ ರೇಟು ಕೊಡ್ತಿದ್ದೀವಲ್ಲ, ಅವರೂ ಒಪ್ಪಿದ್ದಾರಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಲಿಯೋ ಸರಿಯಾಗಿ ಈ ಮಾತನ್ನೇ ಹಿಡಿಯುತ್ತಾರೆ. ಇಬ್ಬರೂ ಒಪ್ಪಿದರು ಅಂದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ. ಮಿತವಾಗಿ ಬದುಕುವ ಒಬ್ಬ ಕೆಲಸಗಾರ ಅದರಲ್ಲಿ ಬಾಳುವ ಹಾಗಿರಬೇಕು. ಬೇರೆ ದಾರಿಯಿಲ್ಲದೆ, ಇದೂ ತಪ್ಪಿದರೆ ಏನು ಗತಿ ಅಂತ ಹೆದರಿ ಒಪ್ಪಿಕೊಂಡರೆ, ಅದು ಅವನ ಮೇಲೆ ನಡೆದ ಬಲವಂತ, ಅನ್ಯಾಯ. ಇದನ್ನು ಓದಿದ ಮೇಲೆ 'ಅವರೇ ಒಪ್ಪಿದ್ದಾರೆ' ಅನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ. ಬೆಳಗ್ಗೆ ಬಸ್ ಸ್ಟಾಪಿನ ಹತ್ತಿರ ಬುತ್ತಿ ಹಿಡಿದು ನಿಂತವರು ಏನು ಚೌಕಾಸಿ ಮಾಡಿಯಾರು? ರೇಷನ್ ಅಕ್ಕಿ ಸಿಗುತ್ತದೆ ನಿಜ. ಬೇಳೆ, ಎಣ್ಣೆ, ಆಸ್ಪತ್ರೆ, ಸಂಘದ ಕಂತು ಯಾರು ಕಟ್ಟುತ್ತಾರೆ?

ಹೆಣ್ಣಾಳಿನ ಕೂಲಿ ಇನ್ನೂ ಬೇರೆ ಕಥೆ. ಒಂದೇ ಸಾಲು, ಒಂದೇ ಹೊತ್ತು, ಒಂದೇ ಬಾಕ್ಸು. ಗಂಡಸಿಗೆ ಒಂದು ದರ, ಹೆಂಗಸಿಗೆ ಅದಕ್ಕಿಂತ ಎಷ್ಟೋ ಕಡಿಮೆ. ಸಮಾನ ಕೆಲಸಕ್ಕೆ ಸಮಾನ ಕೂಲಿ ಅನ್ನುವ ಕಾನೂನು ನಮ್ಮ ದೇಶದಲ್ಲಿ 1976ರಲ್ಲೇ ಬಂತು. ನಾವು ಹಣ್ಣು ಕೀಳುವುದಕ್ಕೆ, ದಾರ ಕಟ್ಟುವುದಕ್ಕೆ ಇಬ್ಬರಿಗೂ ಒಂದೇ ದರ ಮಾಡಿದ್ದೇವೆ. ಖರ್ಚು ಜಾಸ್ತಿ ಆಯಿತು. ಅದನ್ನು ಪುಸ್ತಕದಲ್ಲಿ ಔಷಧಿ, ಗೊಬ್ಬರದ ಹಾಗೆ ಬೆಳೆ ಖರ್ಚು ಅಂತಲೇ ಬರೆಯುತ್ತೇನೆ. ಧರ್ಮಕ್ಕೆ ಕೊಟ್ಟದ್ದು ಅಂತ ಬರೆಯುವುದಿಲ್ಲ. ಚರ್ಚಿನ ಕಾಣಿಕೆಗೆ, ಬಡವರ ನಿಧಿಗೆ ಹಾಕುವುದೇ ಬೇರೆ, ಇದು ಬೇರೆ. ಇದು ಅವರದ್ದೇ ದುಡ್ಡು.

ರೇಟು ಬಿದ್ದಾಗ ಏನು ಮಾಡುವುದು? ನಿಜವಾದ ಕಷ್ಟ ಇಲ್ಲೇ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು ಕೋಲಾರದಲ್ಲಿ 2,000 ರೂಪಾಯಿ ದಾಟಿತು. ಕಿತ್ತ ಖರ್ಚೂ ಹುಟ್ಟದೆ ಹಣ್ಣು ರಸ್ತೆಗೆ ಸುರಿದ ವರ್ಷಗಳನ್ನೂ ಕಂಡಿದ್ದೇವೆ. ಬೆಲೆ ಏರಿದಾಗ ಯಾರೂ ಕೂಲಿ ಹತ್ತು ಪಟ್ಟು ಏರಿಸಲಿಲ್ಲ. ಹಾಗಿದ್ದ ಮೇಲೆ ಇಳಿದಾಗ ನಷ್ಟವನ್ನು ಅವರ ತಲೆಗೆ ಹಾಕುವುದು ಯಾವ ನ್ಯಾಯ? ಲಾಭ ನಮ್ಮದಾದರೆ ನಷ್ಟವೂ ನಮ್ಮದೇ. ಹಾಗಾಗಿ ಒಂದು ಕೀಳಿಗೆ ಬೇಕಾಗುವ ಕೂಲಿಯನ್ನು ಮೊದಲೇ ಬೇರೆ ತೆಗೆದಿಡುತ್ತೇನೆ. ಹಬ್ಬ ಬಂದರೂ ಆ ದುಡ್ಡು ಮುಟ್ಟುವುದಿಲ್ಲ. ಬೈಬಲಿನ ಧರ್ಮೋಪದೇಶಕಾಂಡದಲ್ಲಿ ಇದೆ: ಕೂಲಿಯವನು ಬಡವ, ಅವನ ಜೀವ ಆ ಕೂಲಿಯ ಮೇಲೇ ನಿಂತಿದೆ, ಹೊತ್ತು ಮುಳುಗುವುದರೊಳಗೆ ಕೊಡು. ಅದೇ ಬೈಬಲಿನ ಯಕೋಬನ ಪತ್ರ ಇನ್ನೂ ಖಾರ. ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಅನ್ನುತ್ತದೆ. ಕೆಲವರು ವಾರಕ್ಕೊಮ್ಮೆ ಒಟ್ಟಿಗೆ ಬೇಕು ಅನ್ನುತ್ತಾರೆ, ದಿನಾ ಕೊಟ್ಟರೆ ಮನೆಯಲ್ಲಿ ಕುಡಿಯಲು ಕಿತ್ತುಕೊಳ್ಳುತ್ತಾರಂತೆ. ಅವರಿಗೆ ಶನಿವಾರ. ಉಳಿದವರಿಗೆ ಅವತ್ತೇ ಸಂಜೆ.

ಟೀ ಲೋಟದ ಬಗ್ಗೆಯೂ ಹೇಳಬೇಕು. ಕೋಲಾರದ ಹಳ್ಳಿಗಳನ್ನು ಬಲ್ಲವರಿಗೆ ಜಾತಿ ನೋಡಿ ಕೊಡುವ ಬೇರೆ ಲೋಟ ಅಂದರೆ ಏನು ಅಂತ ಗೊತ್ತು. ನಮ್ಮ ಮನೆಯಲ್ಲಿ ಒಂದೇ ಥರದ ಸ್ಟೀಲ್ ಲೋಟ, ಫಾದರ್ ಬಂದರೂ ಅದೇ. ಮನುಷ್ಯ ದೇವರ ರೂಪದಲ್ಲಿ ಹುಟ್ಟಿದವನು ಅಂತ ಪ್ರಾರ್ಥನೆಯಲ್ಲಿ ಹೇಳಿ, ಪೇಪರ್ ಕಪ್ ಹುಡುಕುವುದು ನನ್ನಿಂದ ಆಗುವುದಿಲ್ಲ.

ಪಕ್ಕದ ತೋಟದ ತಮ್ಮನಿಗೆ ನಮ್ಮ ಮೇಲೆ ಬೇಸರ ಇದೆ. "ಅಕ್ಕಾ, ನೀವು ಏರಿಸಿದ್ರೆ ಎಲ್ಲರೂ ಅದೇ ಕೇಳ್ತಾರೆ. ನನ್ನ ಬೋರು ಸಾಲ ತೀರಿಲ್ಲ" ಅಂದ. ಅವನ ಮಾತು ಸುಳ್ಳಲ್ಲ. ನಮ್ಮ ಕಡೆ ಸಾವಿರ ಅಡಿ ಕೊರೆದರೂ ನೀರು ಸಿಗುತ್ತದೆ ಅನ್ನುವ ನಂಬಿಕೆ ಇಲ್ಲ. ಬಡ ರೈತ ಇನ್ನೂ ಬಡವರಿಗೆ ಕೊಡಬೇಕಾದ ಪರಿಸ್ಥಿತಿ ಇದು. ಮಾರ್ಕೆಟ್ಟಿನಲ್ಲಿ ನಮಗೆ ನ್ಯಾಯದ ಬೆಲೆ ಸಿಗದೆ ಕೂಲಿಗೆ ನ್ಯಾಯ ಒದಗಿಸುವುದು ಕಷ್ಟ, ಒಪ್ಪುತ್ತೇನೆ. ಆದರೆ ಆ ಬೆಲೆ ಬರುವ ತನಕ ಅವರು ಉಪವಾಸ ಕಾಯಲಿ ಅನ್ನಲಾರೆ.

ಒಬ್ಬೊಬ್ಬರೇ ಮಾಡಿದರೆ ಇದು ನಿಲ್ಲುವುದಿಲ್ಲ ಅಂತ ನನಗೂ ಅನ್ನಿಸಿದೆ. ಲಿಯೋ ಕೂಡ ಆ ಪತ್ರದ ಕೊನೆಯ ಭಾಗವನ್ನು ಸಂಘಗಳಿಗೇ ಮೀಸಲಿಟ್ಟಿದ್ದಾರೆ. ಹೋದ ತಿಂಗಳು ಪಕ್ಕದ ತೋಟದ ತಮ್ಮನಿಗೆ ಹೇಳಿದೆ: ಸಸಿಗೆ, ಟೆಂಪೋಗೆ ಮೊದಲೇ ಮಾತಾಡಿಕೊಳ್ಳುತ್ತೇವೆ, ಕೂಲಿಗೆ ಯಾಕೆ ಮಾತಾಡಬಾರದು? ಸ್ತ್ರೀಶಕ್ತಿ ಸಂಘದ ಹೆಂಗಸರು, ನಮ್ಮ ಬದಿಯ ಬೆಳೆಗಾರರು, ಎಲ್ಲ ಒಟ್ಟಿಗೆ ಕೂತು ಹಂಗಾಮಿನ ದರ ಗೊತ್ತು ಮಾಡೋಣ. ಅವನು ಪೂರ್ತಿ ಒಪ್ಪಿಲ್ಲ, ಆದರೂ ಬರುತ್ತೇನೆ ಅಂದಿದ್ದಾನೆ. ಮುಂದಿನ ನಾಟಿಗೆ ಮುಂಚೆ ನಮ್ಮ ಮನೆಯಲ್ಲೇ ಕೂರುವುದು ಅಂತ ಆಗಿದೆ. ಔಷಧಿ ಹೊಡೆಯುವ ಹುಡುಗರನ್ನೂ ಕರೆಯಬೇಕು. ಅವರು ಮೂಗಿಗೆ ಟವೆಲ್ ಸುತ್ತಿಕೊಂಡು ಹೊಡೆಯುತ್ತಾರೆ. ಮಾಸ್ಕು, ಗ್ಲೌಸು ಯಾರ ಖರ್ಚು ಅನ್ನುವುದೂ ಅಲ್ಲೇ ತೀರ್ಮಾನ ಆಗಬೇಕು.